ಗೆರಿಯ ಗೆರೆ

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಗ್ರೀನ್ಸ್‌ಬರೊ ನಗರದಲ್ಲಿ ಕಪ್ಪುವರ್ಣೀಯ ವಿದ್ಯಾರ್ಥಿಗಳಿಗಾಗಿಯೇ 1891ರಲ್ಲಿ ಆರಂಭವಾದ ಒಂದು ವಿಶ್ವವಿದ್ಯಾಲಯವಿದೆ. ಹೆಸರು ನಾರ್ತ್ ಕ್ಯಾರೊಲಿನಾ ಎ ಅಂಡ್ ಟಿ. 1960ರ ಫೆಬ್ರುವರಿಯಲ್ಲಿ ಬಿಳಿಯರಿಗಷ್ಟೇ ಬಡಿಸುತ್ತಿದ್ದ ಊಟದ ಕೌಂಟರಿನ ಮುಂದೆ ಕುಳಿತು, ಏಳುವುದಿಲ್ಲ ಎಂದು ಹಟ ಹಿಡಿದ ನಾಲ್ವರು ಹುಡುಗರು ಓದುತ್ತಿದ್ದದ್ದು ಇಲ್ಲಿಯೇ. 2016ರಲ್ಲಿ ಈ ಆವರಣದ ನಟ್ಟನಡುವೆ ಒಂದು ಗೆರೆ ಹಾದುಹೋಯಿತು. ಅಲ್ಲಿ ಬೇಲಿಯಿಲ್ಲ, ಗಡಿಕಲ್ಲಿಲ್ಲ. ಆದರೂ ವಿದ್ಯಾರ್ಥಿಯೊಬ್ಬ ಹಾಸ್ಟೆಲಿನಿಂದ ಹೊರಟು ರಸ್ತೆ ದಾಟಿ ತರಗತಿಗೆ ಹೋಗುವಷ್ಟರಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯ 13ನೇ ಕ್ಷೇತ್ರವನ್ನು ಬಿಟ್ಟು 6ನೇ ಕ್ಷೇತ್ರಕ್ಕೆ ಬಂದಿರುತ್ತಿದ್ದ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಡೆಮಾಕ್ರಟಿಕ್ ಪಕ್ಷದ ಮತದಾರರು. ಎರಡೂ ಕ್ಷೇತ್ರಗಳಲ್ಲಿ ಗೆಲ್ಲುತ್ತಿದ್ದವರು ರಿಪಬ್ಲಿಕನ್ನರು.

ಈ ಗೆರೆ ಹೇಗೆ ಬಂತು ಎಂಬುದಕ್ಕೆ ಪತ್ತೇದಾರಿಕೆ ಬೇಕಿಲ್ಲ. 2016ರ ಫೆಬ್ರುವರಿಯಲ್ಲಿ ಆ ರಾಜ್ಯದ ಶಾಸನಸಭೆಯ ಕ್ಷೇತ್ರ ವಿಂಗಡಣಾ ಸಮಿತಿಯ ಸಭೆಯಲ್ಲಿ ಅದರ ನೇತೃತ್ವ ವಹಿಸಿದ್ದ ಡೇವಿಡ್ ಲೂಯಿಸ್ ಎಂಬ ರಿಪಬ್ಲಿಕನ್ ಶಾಸಕ ಎದ್ದು ನಿಂತು ಹೇಳಿದ್ದರು: ರಾಜ್ಯದ 13 ಸ್ಥಾನಗಳಲ್ಲಿ 10 ನಮಗೆ, 3 ಡೆಮಾಕ್ರಟರಿಗೆ ಬರುವಂತೆ ನಕ್ಷೆ ಬರೆಯೋಣ, ಏಕೆಂದರೆ 11ಕ್ಕೆ 2 ಬರುವ ನಕ್ಷೆ ಬರೆಯಲು ಸಾಧ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಮಾತು ದಾಖಲೆಗೆ ಹೋಯಿತು. ಆ ವರ್ಷದ ನವೆಂಬರಿನಲ್ಲಿ ಫಲಿತಾಂಶ ಬಂದಾಗ 10ಕ್ಕೆ 3 ಆಗಿತ್ತು. 2018ರಲ್ಲಿ ಎರಡೂ ಪಕ್ಷಗಳ ಮತಗಳು ಹೆಚ್ಚು ಕಡಿಮೆ ಸಮಸಮವಾಗಿದ್ದವು. ಅಂಚೆ ಮತಗಳ ಅಕ್ರಮದಿಂದ ಒಂದು ಕ್ಷೇತ್ರದ ಫಲಿತಾಂಶ ರದ್ದಾಗಿ ಮರುಚುನಾವಣೆಯೂ ನಡೆಯಿತು. ಎಲ್ಲ ಮುಗಿದ ಮೇಲೆ ಎಣಿಸಿದರೆ ಮತ್ತೆ 10ಕ್ಕೆ 3.

ಸುದ್ದಿ ಓದಿದವರಿಗೆ ಮೊದಲು ಹೊಳೆಯುವ ಪ್ರಶ್ನೆ, ಇಂಥ ಕೆಲಸ ಮಾಡುವವರು ಅದನ್ನು ಮೈಕಿನ ಮುಂದೆ ಏಕೆ ಹೇಳುತ್ತಾರೆ ಎಂಬುದು. ಲೂಯಿಸ್ ಬಾಯಿ ತಪ್ಪಿ ಆಡಿದ ಮಾತಲ್ಲ ಅದು. ಎಣಿಸಿ, ತೂಗಿ ಆಡಿದ್ದು. ಅದರ ಗುಟ್ಟು ತಿಳಿಯಬೇಕಾದರೆ ಗೆರೆ ಎಳೆಯುವ ಕಲೆಯನ್ನು ಮೊದಲು ನೋಡಬೇಕು.

ಒಂದು ಹಳ್ಳಿಯನ್ನು ಊಹಿಸಿಕೊಳ್ಳಿ. 25 ಮನೆಗಳು, ಮನೆಗೊಂದು ವೋಟು. ಬಂದ ಅನುದಾನದಲ್ಲಿ ಕೆರೆಯ ಹೂಳೆತ್ತಬೇಕು ಎನ್ನುವ ಮನೆಗಳು 15, ರಸ್ತೆ ಮಾಡಿಸಬೇಕು ಎನ್ನುವ ಮನೆಗಳು 10. ತೀರ್ಮಾನಕ್ಕೆ ಐದು ಜನರ ಸಮಿತಿ ಬೇಕು. ಐದೈದು ಮನೆಗಳ ಐದು ಗುಂಪು ಮಾಡಿ, ಗುಂಪಿಗೊಬ್ಬರನ್ನು ಆರಿಸೋಣ ಎಂದಾಯಿತು. ಗುಂಪು ಮಾಡುವ ಕೆಲಸ ಕೆರೆಯವರ ಕೈಗೆ ಸಿಕ್ಕರೆ ಪ್ರತಿ ಗುಂಪಿನಲ್ಲೂ ತಮ್ಮ ಮೂರು ಮನೆ, ರಸ್ತೆಯವರ ಎರಡು ಮನೆ ಇರುವಂತೆ ನೋಡಿಕೊಳ್ಳುತ್ತಾರೆ. ಐದಕ್ಕೆ ಐದೂ ಕೆರೆಯವರ ಪಾಲು. ಹತ್ತು ಮನೆಯವರಿಗೆ ಸಮಿತಿಯಲ್ಲಿ ಒಬ್ಬರೂ ಇಲ್ಲ.

ಅದೇ ಕೆಲಸ ರಸ್ತೆಯವರ ಕೈಗೆ ಸಿಕ್ಕರೆ? ಒಂದು ಗುಂಪಿಗೆ ಕೆರೆಯವರ ಐದು ಮನೆಗಳನ್ನು ತುರುಕುತ್ತಾರೆ. ಇನ್ನೊಂದಕ್ಕೆ ಕೆರೆಯವರ ನಾಲ್ಕು, ತಮ್ಮದೊಂದು. ಉಳಿದ ಮೂರು ಗುಂಪುಗಳಲ್ಲಿ ತಮ್ಮವು ಮೂರು ಮೂರು, ಕೆರೆಯವರದು ಎರಡೆರಡು. ಲೆಕ್ಕ ಹಾಕಿ ನೋಡಿ: ಹತ್ತು ಮನೆಯವರಿಗೆ ಮೂರು ಸ್ಥಾನ, ಹದಿನೈದು ಮನೆಯವರಿಗೆ ಎರಡು. ಒಬ್ಬರ ವೋಟನ್ನೂ ಕದ್ದಿಲ್ಲ, ಒಂದು ಪೆಟ್ಟಿಗೆಯನ್ನೂ ಬದಲಿಸಿಲ್ಲ, ಎಣಿಕೆಯಲ್ಲಿ ಕೈಚಳಕವಿಲ್ಲ. ರಸ್ತೆಯಾಗುತ್ತದೆ, ಕೆರೆ ಹೂಳು ತುಂಬಿಕೊಂಡೇ ಇರುತ್ತದೆ.

ಇಲ್ಲಿ ನಡೆದದ್ದು ಎರಡೇ ಕೆಲಸ. ಎದುರಾಳಿಯ ಬೆಂಬಲಿಗರನ್ನು ಕೆಲವು ಕ್ಷೇತ್ರಗಳಲ್ಲಿ ಒತ್ತೊತ್ತಾಗಿ ತುಂಬುವುದು. ಮಿಕ್ಕವರನ್ನು ಎಲ್ಲೂ ಗೆಲ್ಲದಷ್ಟು ತೆಳ್ಳಗೆ ಹರಡುವುದು. ಗ್ರೀನ್ಸ್‌ಬರೊ ಆವರಣಕ್ಕೆ ಆದದ್ದು ಎರಡನೆಯದು. ಎಷ್ಟರಮಟ್ಟಿಗೆ ಮೋಸವಾಗಿದೆ ಎಂದು ಅಳೆಯಲು ಅಮೆರಿಕದ ವಿದ್ವಾಂಸರು ‘ವ್ಯರ್ಥ ಮತ’ಗಳನ್ನು ಎಣಿಸುವ ಒಂದು ವಿಧಾನವನ್ನು ಬಳಸುತ್ತಾರೆ. ಸೋತ ಕಡೆ ಬಿದ್ದ ಮತಗಳೆಲ್ಲ ವ್ಯರ್ಥ. ಗೆದ್ದ ಕಡೆ ಗೆಲುವಿಗೆ ಬೇಕಾದದ್ದಕ್ಕಿಂತ ಹೆಚ್ಚು ಬಿದ್ದವೂ ವ್ಯರ್ಥ. ನಮ್ಮ ಹಳ್ಳಿಯ ಎರಡನೆಯ ವಿಂಗಡಣೆಯಲ್ಲಿ ಕೆರೆಯವರದು 9 ಮತ ಹೀಗೆ ನೀರಿನಲ್ಲಿ ಹೋಯಿತು, ರಸ್ತೆಯವರದು ಒಂದೇ ಒಂದು. ಚತುರ ನಕ್ಷೆಗಾರ ತನ್ನ ಪಕ್ಷದ ಮತವನ್ನು ಜಿಪುಣ ಯಜಮಾನ ತುಪ್ಪ ಬಡಿಸಿದ ಹಾಗೆ ಬಳಸುತ್ತಾನೆ. ಎದುರಾಳಿಯದನ್ನು ಧಾರಾಳವಾಗಿ ಚೆಲ್ಲುತ್ತಾನೆ.

ಈ ಕೆಲಸಕ್ಕೆ ಹೆಸರು ಕೊಟ್ಟವರು ಎಲ್‌ಬ್ರಿಜ್ ಗೆರಿ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬರು. 1812ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್. ಅವರ ಪಕ್ಷ ರಾಜ್ಯ ಸೆನೆಟ್‌ನ ಕ್ಷೇತ್ರಗಳನ್ನು ತನಗೆ ಬೇಕಾದಂತೆ ಕತ್ತರಿಸಿದ ಮಸೂದೆಗೆ ಗೆರಿ ಸಹಿ ಹಾಕಿದರು. ಎಸೆಕ್ಸ್ ಕೌಂಟಿಯ ಒಂದು ಕ್ಷೇತ್ರ ಊರೂರುಗಳನ್ನು ಬಳಸಿಕೊಂಡು ಡೊಂಕುಡೊಂಕಾಗಿ ಹರಿದಿತ್ತು. ಬಾಸ್ಟನ್ನಿನ ಪತ್ರಿಕೆಯೊಂದು ಆ ನಕ್ಷೆಗೆ ರೆಕ್ಕೆ, ಉಗುರು, ಕೋರೆಹಲ್ಲು ಬರೆದು ಅಚ್ಚು ಹಾಕಿತು. ಸಾಲಮ್ಯಾಂಡರ್ ಎಂಬ ಹಲ್ಲಿಯಂತಹ ಪ್ರಾಣಿಯ ಬಾಲಕ್ಕೆ ಗವರ್ನರ್ ಹೆಸರನ್ನು ಜೋಡಿಸಿ ‘ಗೆರಿಮ್ಯಾಂಡರ್’ ಎಂದು ಕರೆಯಿತು. ಹೆಸರು ಅಂಟಿಕೊಂಡಿತು. ಇಂದು ಅಮೆರಿಕನ್ನರು ಅದನ್ನು ಜೆರಿಮ್ಯಾಂಡರಿಂಗ್ ಎನ್ನುತ್ತಾರೆ, ಆದರೆ ಆ ಗವರ್ನರ್ ತಮ್ಮ ಹೆಸರನ್ನು ಉಚ್ಚರಿಸುತ್ತಿದ್ದದ್ದು ಗೆರಿ ಎಂದೇ. ಕನ್ನಡದ ಕಿವಿಗೆ ಅದರಲ್ಲಿ ಗೆರೆಯೂ ಕೇಳಿಸುತ್ತದೆ. ಇಂಗ್ಲಿಷಿನವರಿಗೆ ಆ ಸುಖವಿಲ್ಲ.

ಆ ವರ್ಷದ ಚುನಾವಣೆಯ ಫಲಿತಾಂಶ ಎರಡು ಕಾರಣಕ್ಕೆ ನೆನಪಿಡಬೇಕಾದದ್ದು. ರಾಜ್ಯ ಸೆನೆಟ್‌ಗೆ ಎದುರಾಳಿ ಫೆಡರಲಿಸ್ಟರಿಗೆ ಸ್ವಲ್ಪ ಹೆಚ್ಚೇ ಮತ ಬಿದ್ದರೂ ಅವರಿಗೆ ಸಿಕ್ಕಿದ್ದು 11 ಸ್ಥಾನ. ಗೆರಿಯ ಪಕ್ಷಕ್ಕೆ 29. ಗೆರೆ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿತ್ತು. ಆದರೆ ರಾಜ್ಯವಿಡೀ ಒಂದೇ ಕ್ಷೇತ್ರವಾಗಿದ್ದ, ಗೆರೆ ಎಳೆಯಲು ಜಾಗವೇ ಇಲ್ಲದಿದ್ದ ಗವರ್ನರ್ ಚುನಾವಣೆಯಲ್ಲಿ ಗೆರಿ ಸೋತರು. ಅಂದರೆ ಆ ಕಾಲಕ್ಕೆ ಇದು ನಗೆಪಾಟಲಿನ ವಿಷಯ, ಮರ್ಯಾದೆ ಕಳೆಯುವ ವಿಷಯ. ನಾಲ್ಕು ಜನ ಏನೆಂದಾರು ಎಂಬ ಅಳುಕಿಗೆ ಅಷ್ಟಾದರೂ ಬೆಲೆಯಿತ್ತು.

ಪ್ರಜಾಪ್ರಭುತ್ವದ ‘ರೂಢಿ’ ಎಂದು ರಾಜ್ಯಶಾಸ್ತ್ರಜ್ಞರು ಗಂಭೀರವಾಗಿ ಕರೆಯುವುದು ಬಹುಪಾಲು ಈ ಅಳುಕನ್ನೇ. ಯಾವ ಕಾನೂನಿನಲ್ಲೂ ಬರೆದಿರುವುದಿಲ್ಲ. ಸೋತವರು ಸೋಲನ್ನು ಒಪ್ಪಿಕೊಳ್ಳಬೇಕು, ಗೆದ್ದವರು ಅಧಿಕಾರವನ್ನು ಪೂರ್ತಿ ಹಿಂಡಬಾರದು, ಕೈಯಲ್ಲಿ ಇರುವುದನ್ನೆಲ್ಲ ಮಾಡಬಾರದು — ಇಂಥವು. ಕಾನೂನು ಮುರಿದರೆ ಪೊಲೀಸರು ಬರುತ್ತಾರೆ. ಇದು ಮುರಿದರೆ ಯಾರೂ ಬರುವುದಿಲ್ಲ.

ಅಮೆರಿಕದ ವ್ಯವಸ್ಥೆಯಲ್ಲಿ ಈ ಅಳುಕಿನ ಮೇಲೆ ಅತಿಯಾದ ಭಾರವಿದೆ. ಅಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿಯಾಗುತ್ತದೆ. ಪ್ರತಿನಿಧಿ ಸಭೆಯ 435 ಸ್ಥಾನಗಳನ್ನು ಜನಸಂಖ್ಯೆಗೆ ಅನುಗುಣವಾಗಿ ರಾಜ್ಯಗಳಿಗೆ ಹಂಚುತ್ತಾರೆ. ರಾಜ್ಯದೊಳಗೆ ಗೆರೆ ಎಳೆಯುವ ಕೆಲಸ ಬಹುತೇಕ ಕಡೆ ಅಲ್ಲಿನ ಶಾಸನಸಭೆಯದು. ಸಾಮಾನ್ಯ ಮಸೂದೆಯಂತೆ ನಕ್ಷೆಯೂ ಬಹುಮತದಿಂದ ಅಂಗೀಕಾರವಾಗುತ್ತದೆ. ಗವರ್ನರ್ ಬೇರೆ ಪಕ್ಷದವರಾಗಿದ್ದರೆ ತಡೆಯಬಹುದು, ಆದರೆ ನಾರ್ತ್ ಕ್ಯಾರೊಲಿನಾದಂಥ ರಾಜ್ಯದಲ್ಲಿ ಗವರ್ನರ್‌ಗೆ ನಕ್ಷೆಯನ್ನು ತಡೆಯುವ ಅಧಿಕಾರವೇ ಇಲ್ಲ. ಪರೀಕ್ಷೆ ಬರೆಯುವವರ ಕೈಗೇ ಪ್ರಶ್ನೆಪತ್ರಿಕೆ ಸಿದ್ಧಪಡಿಸುವ ಕೆಲಸವನ್ನೂ ಕೊಟ್ಟು, ನ್ಯಾಯವಾಗಿ ನಡೆದುಕೊಳ್ಳಿ ಎಂದ ಹಾಗೆ.

1960ರ ದಶಕದವರೆಗೆ ಸಮಸ್ಯೆ ಇನ್ನೊಂದು ಬಗೆಯದಾಗಿತ್ತು: ಗೆರೆಯನ್ನು ಬದಲಿಸದೇ ಇರುವುದು. ಟೆನೆಸ್ಸೀ ರಾಜ್ಯ 1901ರಿಂದ ಅರುವತ್ತು ವರ್ಷ ತನ್ನ ಶಾಸನಸಭೆಯ ಕ್ಷೇತ್ರಗಳನ್ನು ಮುಟ್ಟಿರಲೇ ಇಲ್ಲ. ಜನ ನಗರಗಳಿಗೆ ಹೋದರು, ಸ್ಥಾನಗಳು ಹಳ್ಳಿಗಳಲ್ಲೇ ಉಳಿದವು. 1962 ಮತ್ತು 1964ರಲ್ಲಿ ಸುಪ್ರೀಂ ಕೋರ್ಟ್ ಮಧ್ಯೆ ಪ್ರವೇಶಿಸಿ, ಕ್ಷೇತ್ರಗಳ ಜನಸಂಖ್ಯೆ ಸಮವಾಗಿರಲೇಬೇಕು ಎಂದಿತು. ಒಳ್ಳೆಯದೇ ಆಯಿತು. ಆದರೆ ಪ್ರತಿ ಹತ್ತು ವರ್ಷಕ್ಕೆ ಎಲ್ಲ ಗೆರೆಗಳನ್ನೂ ಅಳಿಸಿ ಹೊಸದಾಗಿ ಎಳೆಯುವುದು ಕಡ್ಡಾಯವಾದ ಮೇಲೆ, ಎಳೆಯುವವರಿಗೆ ಪ್ರತಿ ಹತ್ತು ವರ್ಷಕ್ಕೆ ಒಂದು ಹಬ್ಬವೂ ಬಂತು.

2010ರ ಹಬ್ಬಕ್ಕೆ ರಿಪಬ್ಲಿಕನ್ನರು ಚೆನ್ನಾಗಿ ತಯಾರಾಗಿ ಬಂದರು. ‘ರೆಡ್‌ಮ್ಯಾಪ್’ ಎಂದು ಹೆಸರಿಟ್ಟ ಯೋಜನೆಯ ತರ್ಕ ಸರಳವಾಗಿತ್ತು. ವಾಷಿಂಗ್ಟನ್ನಿನ ಸ್ಥಾನಗಳಿಗೆ ಹೋರಾಡುವುದು ದುಬಾರಿ. ಯಾರೂ ಗಮನಿಸದ ರಾಜ್ಯ ಶಾಸನಸಭೆಗಳ ಸ್ಥಾನಗಳು ಅಗ್ಗ. ಜನಗಣತಿಯ ವರ್ಷ ಆ ಶಾಸನಸಭೆಗಳನ್ನು ಗೆದ್ದರೆ ಹತ್ತು ವರ್ಷದ ನಕ್ಷೆ ಕೈಯಲ್ಲಿ. ಸುಮಾರು 3 ಕೋಟಿ ಡಾಲರ್ ಖರ್ಚಾಯಿತು, ಅಮೆರಿಕದ ಚುನಾವಣಾ ವೆಚ್ಚದ ಲೆಕ್ಕದಲ್ಲಿ ಚಿಲ್ಲರೆ ಕಾಸು. 2012ರಲ್ಲಿ ದೇಶದಾದ್ಯಂತ ಪ್ರತಿನಿಧಿ ಸಭೆಗೆ ಡೆಮಾಕ್ರಟರಿಗೆ ಹತ್ತು ಲಕ್ಷಕ್ಕೂ ಹೆಚ್ಚು ಮತಗಳ ಮುನ್ನಡೆ ಸಿಕ್ಕಿತು. ಸ್ಥಾನ ಗೆದ್ದವರು ಮಾತ್ರ ರಿಪಬ್ಲಿಕನ್ನರು, 234ಕ್ಕೆ 201. ಪೆನ್ಸಿಲ್ವೇನಿಯಾದಲ್ಲಿ ಹೆಚ್ಚು ಮತ ಪಡೆದ ಡೆಮಾಕ್ರಟರಿಗೆ 18ರಲ್ಲಿ 5. ಅಲ್ಲಿನ 7ನೇ ಕ್ಷೇತ್ರವನ್ನು ಜನ ‘ಡೊನಾಲ್ಡ್ ಡಕ್‌ಗೆ ಒದೆಯುತ್ತಿರುವ ಗೂಫಿ’ ಎಂದು ಕರೆಯುತ್ತಿದ್ದರು. ನಕ್ಷೆ ನೋಡಿದರೆ ನಿಜಕ್ಕೂ ಹಾಗೆಯೇ ಕಾಣುತ್ತದೆ. 2018ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ನಕ್ಷೆಯನ್ನು ರದ್ದು ಮಾಡಿತು. ಹೊಸ ನಕ್ಷೆಯಡಿ ಅದೇ ವರ್ಷ ಚುನಾವಣೆ ನಡೆದಾಗ ಫಲಿತಾಂಶ 9ಕ್ಕೆ 9.

ಗೆರಿಯ ಕಾಲದಲ್ಲಿ ಊರವರ ಮಾತು ಕೇಳಿ, ಅಂದಾಜಿನ ಮೇಲೆ ಗೆರೆ ಎಳೆಯುತ್ತಿದ್ದರು, ಅಂದಾಜು ತಪ್ಪುತ್ತಿತ್ತು. ಈಗ ಕಂಪ್ಯೂಟರಿನಲ್ಲಿ ಪ್ರತಿ ಬೀದಿಯ ಜನಗಣತಿ, ಹಿಂದಿನ ಮತದಾನ ಎಲ್ಲವೂ ಇರುತ್ತದೆ. ಗೆರೆಯನ್ನು ಒಂದು ಬೀದಿ ಆಚೆ ಸರಿಸಿದರೆ ಗೆಲುವಿನ ಅಂತರ ಎಷ್ಟು ಬದಲಾಗುತ್ತದೆ ಎಂದು ಪರದೆಯ ಮೇಲೆ ಆ ಕ್ಷಣವೇ ಕಾಣುತ್ತದೆ. ನಾರ್ತ್ ಕ್ಯಾರೊಲಿನಾದ 2016ರ ನಕ್ಷೆಯನ್ನು ರಚಿಸಿದ ಥಾಮಸ್ ಹಾಫೆಲರ್ ಈ ವಿದ್ಯೆಯಲ್ಲಿ ಪಳಗಿದ ಕೈ. ದಶಕಗಳ ಕಾಲ ರಿಪಬ್ಲಿಕನ್ನರ ನಕ್ಷೆಗಾರರಾಗಿದ್ದವರು. 2018ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಹಾರ್ಡ್ ಡ್ರೈವ್‌ಗಳು ಮಗಳ ಕೈಗೆ ಸಿಕ್ಕಿ, ಅಲ್ಲಿಂದ ನ್ಯಾಯಾಲಯದವರೆಗೂ ಹೋದವು.

ಇನ್ನು ಲೂಯಿಸ್ ಅವರ ಆ ಮಾತಿಗೆ ಮರಳಬಹುದು. ನಾರ್ತ್ ಕ್ಯಾರೊಲಿನಾದ ಇದಕ್ಕೂ ಹಿಂದಿನ ನಕ್ಷೆಯನ್ನು ಫೆಡರಲ್ ನ್ಯಾಯಾಲಯ ತಳ್ಳಿಹಾಕಿತ್ತು. ಕಾರಣ: ಅದು ಮತದಾರರನ್ನು ಚರ್ಮದ ಬಣ್ಣದ ಮೇಲೆ ವಿಂಗಡಿಸಿತ್ತು. ಬಣ್ಣದ ಆಧಾರದ ಮೇಲೆ ಗೆರೆ ಎಳೆಯುವುದು ಸಂವಿಧಾನಕ್ಕೆ ವಿರುದ್ಧ ಎಂಬುದು ಹಳೆಯ ಪಾಠ. ಅಲಬಾಮಾದ ಟಸ್ಕೀಗಿ ಊರಿನ ಚೌಕಾಕಾರದ ಗಡಿಯನ್ನು 1957ರಲ್ಲಿ 28 ಮೂಲೆಗಳ ವಿಚಿತ್ರ ಆಕೃತಿಯಾಗಿಸಿ, ಸುಮಾರು 400 ಕಪ್ಪು ಮತದಾರರಲ್ಲಿ ನಾಲ್ಕೈದು ಮಂದಿಯನ್ನು ಬಿಟ್ಟು ಉಳಿದವರನ್ನೆಲ್ಲ ಊರಿನಾಚೆ ಮಾಡಿದ್ದರು. 1960ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಆದರೆ ಪಕ್ಷದ ಆಧಾರದ ಮೇಲೆ ಎಳೆದರೆ? ಆ ಬಗ್ಗೆ ನ್ಯಾಯಾಲಯ ದಶಕಗಳ ಕಾಲ ಅತ್ತ ಇತ್ತ ಹೊಯ್ದಾಡುತ್ತಿತ್ತು. ಹಾಗಾಗಿ ಲೂಯಿಸ್ ಅವರಿಗೆ ಕ್ಷೇಮದ ದಾರಿ ಒಂದೇ: ನಾವು ಮಾಡಿದ್ದು ಪಕ್ಷಕ್ಕಾಗಿ, ಪಕ್ಷಕ್ಕಾಗಿ ಮಾತ್ರ ಎಂದು ಮೊದಲೇ ದಾಖಲೆಯಲ್ಲಿ ಹೇಳಿಬಿಡುವುದು. ಕೊಲೆ ಆರೋಪಿ ಎದ್ದು ನಿಂತು, ಸ್ವಾಮಿ, ಆ ಹೊತ್ತಿಗೆ ನಾನು ಬೇರೆ ಊರಿನಲ್ಲಿ ಕಳ್ಳತನ ಮಾಡುತ್ತಿದ್ದೆ ಎಂದ ಹಾಗೆ. ಕಪ್ಪು ಮತದಾರರಲ್ಲಿ ಬಹುಪಾಲು ಮಂದಿ ಡೆಮಾಕ್ರಟರಿಗೇ ಮತ ಹಾಕುವ ರಾಜ್ಯದಲ್ಲಿ ಎರಡನ್ನೂ ಬೇರ್ಪಡಿಸುವುದು ಹಾಲು ನೀರು ಬೇರ್ಪಡಿಸುವ ಹಂಸದ ಕೆಲಸ. ಆ ಹಂಸ ಅಮೆರಿಕದ ಕೋರ್ಟುಗಳಲ್ಲಿ ಇನ್ನೂ ಕಾಣಿಸಿಕೊಂಡಿಲ್ಲ.

ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ಜೂನ್‌ನಲ್ಲಿ 5–4ರ ತೀರ್ಪು ಬಂತು. ಬಹುಮತದ ಪರವಾಗಿ ಬರೆದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್, ಅತಿಯಾದ ಪಕ್ಷಪಾತದ ಗೆರೆ ಅನ್ಯಾಯವೆಂದು ತೋರುವ ಫಲಿತಾಂಶ ಕೊಡುತ್ತದೆ ಎಂಬುದನ್ನು ಅಲ್ಲಗಳೆಯಲಿಲ್ಲ. ಅದು ಪ್ರಜಾಪ್ರಭುತ್ವದ ತತ್ವಗಳಿಗೆ ಹೊಂದುವುದಿಲ್ಲ ಎಂದೂ ಒಪ್ಪಿಕೊಂಡರು. ಆದರೆ ಎಷ್ಟಾದರೆ ಅತಿ ಎಂದು ಅಳೆಯುವ ಮಾನದಂಡ ಸಂವಿಧಾನದಲ್ಲಿಲ್ಲ, ಆದ್ದರಿಂದ ಇದು ಫೆಡರಲ್ ನ್ಯಾಯಾಲಯಗಳ ಕೆಲಸವಲ್ಲ, ರಾಜಕೀಯ ಪ್ರಶ್ನೆ ಎಂದರು. ಭಿನ್ನಮತ ಬರೆದ ನ್ಯಾಯಮೂರ್ತಿ ಎಲೆನಾ ಕೇಗನ್ ಎತ್ತಿ ತೋರಿಸಿದ್ದು ತಜ್ಞರೊಬ್ಬರು ಕಂಪ್ಯೂಟರಿನಿಂದ ತಯಾರಿಸಿದ 3,000 ನಕ್ಷೆಗಳನ್ನು. ಪಕ್ಷವನ್ನು ನೋಡದೆ, ಉಳಿದ ನಿಯಮಗಳನ್ನೆಲ್ಲ ಪಾಲಿಸಿ ರಚಿಸಿದ ಆ 3,000ದಲ್ಲಿ ಒಂದೊಂದರಲ್ಲೂ ಡೆಮಾಕ್ರಟರಿಗೆ ನಿಜವಾದ ನಕ್ಷೆಗಿಂತ ಒಂದು ಸ್ಥಾನವಾದರೂ ಹೆಚ್ಚು ಬರುತ್ತಿತ್ತು. ಅಳೆಯಲಾಗದು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗಂತೂ ಕಂಡಿಲ್ಲ. ತೀರ್ಪಿನ ಪರಿಣಾಮವೆಂದರೆ, ಲೂಯಿಸ್ ಅವರ ತಪ್ಪೊಪ್ಪಿಗೆ ದೇಶಕ್ಕೆಲ್ಲ ಒಂದು ಸಿದ್ಧ ವಾಕ್ಯವಾಯಿತು.

ರಿಪಬ್ಲಿಕನ್ನರದೇ ಇಷ್ಟು ಹೊತ್ತು ಹೇಳಿದೆ. ಅದೇ ದಿನ ಅದೇ ತೀರ್ಪಿನಲ್ಲಿ ಇತ್ಯರ್ಥವಾದ ಇನ್ನೊಂದು ಪ್ರಕರಣ ಮೇರಿಲ್ಯಾಂಡಿನದು. ಅಲ್ಲಿ ಗೆರೆ ಎಳೆದವರು ಡೆಮಾಕ್ರಟರು. ರಿಪಬ್ಲಿಕನ್ನರು ಇಪ್ಪತ್ತು ವರ್ಷ ಗೆದ್ದುಕೊಂಡು ಬಂದಿದ್ದ 6ನೇ ಕ್ಷೇತ್ರವನ್ನು ವಾಷಿಂಗ್ಟನ್ನಿನ ಉಪನಗರಗಳಿಗೆ ಎಳೆದು ತಂದು ತಮ್ಮದಾಗಿಸಿಕೊಂಡಿದ್ದರು. ಹಾಗೆ ಮಾಡುವುದೇ ಉದ್ದೇಶವಾಗಿತ್ತು ಎಂದು ಅಂದಿನ ಗವರ್ನರ್ ಪ್ರಮಾಣ ಮಾಡಿ ಹೇಳಿದ್ದರು. ಇಲಿನಾಯ್‌ನಲ್ಲಿ ಡೆಮಾಕ್ರಟರು 2021ರಲ್ಲಿ ಬರೆದ ನಕ್ಷೆ ಅವರಿಗೆ 17ರಲ್ಲಿ 14 ಸ್ಥಾನ ಕೊಡುತ್ತಿದೆ. ಗೆರೆ ಎಳೆಯುವ ಕೈಗೆ ಪಕ್ಷಭೇದವಿಲ್ಲ. 2010ರ ನಂತರ ಒಂದು ಪಕ್ಷಕ್ಕೆ ಎಳೆಯಲು ಹೆಚ್ಚು ರಾಜ್ಯಗಳು ಸಿಕ್ಕವು, ಅಷ್ಟೇ.

ವಿಚಿತ್ರ ಆಕಾರ ಕಂಡಾಗಲೆಲ್ಲ ಮೋಸ ಎಂದುಕೊಳ್ಳುವಂತೆಯೂ ಇಲ್ಲ. ಶಿಕಾಗೊದ 4ನೇ ಕ್ಷೇತ್ರ ಬಹಳ ವರ್ಷ ಕಿವಿ ಮುಚ್ಚುವ ಪಟ್ಟಿಯ ಆಕಾರದಲ್ಲಿತ್ತು. ಅದನ್ನು ಹಾಗೆ ಮಾಡಿದ್ದು ನಗರದ ಎರಡು ಬದಿಯ ಲ್ಯಾಟಿನೊ ಬಡಾವಣೆಗಳಿಗೆ ಒಬ್ಬ ಪ್ರತಿನಿಧಿ ಸಿಗಲಿ ಎಂದು. ಮ್ಯಾಸಚೂಸೆಟ್ಸ್‌ನಲ್ಲಿ ರಿಪಬ್ಲಿಕನ್ನರಿಗೆ ಸುಮಾರು ಮೂರನೇ ಒಂದು ಮತ ಬೀಳುತ್ತದೆ, 9ರಲ್ಲಿ ಒಂದು ಸ್ಥಾನವೂ ಇಲ್ಲ. ಅಲ್ಲಿ ಅವರು ರಾಜ್ಯದಾದ್ಯಂತ ಹೆಚ್ಚು ಕಡಿಮೆ ಸಮನಾಗಿ ಹರಡಿಕೊಂಡಿದ್ದಾರೆ. ಎಷ್ಟು ಪ್ರಾಮಾಣಿಕವಾಗಿ ಗೆರೆ ಎಳೆದರೂ ಅವರ ಬಹುಮತದ ಕ್ಷೇತ್ರ ಹುಟ್ಟುವುದು ಕಷ್ಟ. ಡೆಮಾಕ್ರಟರು ನಗರಗಳಲ್ಲಿ ಗುಂಪಾಗಿರುವುದರಿಂದ ಯಾರೂ ತುಂಬದಿದ್ದರೂ ತಾವೇ ತುಂಬಿಕೊಂಡಿರುತ್ತಾರೆ. ನಕ್ಷೆಯ ಮೋಸವನ್ನು ಗುರುತಿಸಲು ಸಾವಿರಾರು ಕಂಪ್ಯೂಟರ್ ನಕ್ಷೆಗಳ ಜೊತೆ ಹೋಲಿಸಬೇಕಾಗಿ ಬಂದಿರುವುದು ಈ ಕಾರಣಕ್ಕೆ.

ಇದು ಕೇವಲ ಸ್ಥಾನಗಳ ಲೆಕ್ಕವಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಗೆರೆಯಿಂದ ಭದ್ರವಾದ ಕ್ಷೇತ್ರದಲ್ಲಿ ನಿಜವಾದ ಸ್ಪರ್ಧೆ ನವೆಂಬರಿನಲ್ಲಿ ನಡೆಯುವುದೇ ಇಲ್ಲ. ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಯಲ್ಲೇ ಮುಗಿದಿರುತ್ತದೆ. ಅಲ್ಲಿ ಮತ ಹಾಕಲು ಬರುವವರು ಕೆಲವರು, ಅವರೂ ಪಕ್ಷದ ಕಟ್ಟಾಳುಗಳು. ಹಾಗಾಗಿ ಪ್ರತಿನಿಧಿಗೆ ಭಯ ಎದುರಾಳಿ ಪಕ್ಷದ್ದಲ್ಲ, ತನ್ನದೇ ಪಕ್ಷದಲ್ಲಿ ತನಗಿಂತ ಉಗ್ರವಾಗಿ ಮಾತನಾಡುವವನದು. ರಾಜಿ ಮಾಡಿಕೊಂಡವನಿಗೆ ಟಿಕೆಟ್ ಹೋಗುತ್ತದೆ.

ವಿಸ್ಕಾನ್ಸಿನ್ ಇನ್ನೂ ಮುಂದೆ ಹೋಯಿತು. 2018ರಲ್ಲಿ ಅಲ್ಲಿ ರಾಜ್ಯಮಟ್ಟದ ಹುದ್ದೆಗಳನ್ನೆಲ್ಲ ಡೆಮಾಕ್ರಟರು ಗೆದ್ದರು. ಶಾಸನಸಭೆಯ ಕೆಳಮನೆಗೂ ಅವರಿಗೇ ಹೆಚ್ಚು ಮತ ಬಿತ್ತು. ಸಿಕ್ಕ ಸ್ಥಾನ 99ರಲ್ಲಿ 36. ಗೆರೆಯ ಬಲದಿಂದ ಉಳಿದುಕೊಂಡ ರಿಪಬ್ಲಿಕನ್ ಬಹುಮತ ಡಿಸೆಂಬರಿನಲ್ಲಿ, ಹೊಸ ಗವರ್ನರ್ ಅಧಿಕಾರ ವಹಿಸಿಕೊಳ್ಳುವ ಮುನ್ನ, ಅವಸರದ ಅಧಿವೇಶನ ಕರೆದು ಗವರ್ನರ್ ಮತ್ತು ಅಟಾರ್ನಿ ಜನರಲ್ ಅವರ ಅಧಿಕಾರಗಳನ್ನು ಮೊಟಕುಗೊಳಿಸಿತು. ನಾರ್ತ್ ಕ್ಯಾರೊಲಿನಾದಲ್ಲೂ 2016ರ ಡಿಸೆಂಬರಿನಲ್ಲಿ ಇಂಥದ್ದೇ ನಡೆದಿತ್ತು. ಮನೆ ಮಾರಿದವರು ಕೀಲಿ ಕೊಡುವ ಹಿಂದಿನ ರಾತ್ರಿ ಬಾಗಿಲು ಕಿಟಕಿಗಳನ್ನು ಬಿಚ್ಚಿಕೊಂಡು ಹೋದಂತೆ. ಮತದಾರರ ಮುನಿಸಿಗೆ ಹೆದರಬೇಕಿಲ್ಲ ಎಂದು ಖಾತರಿಯಾದ ಸಭೆ ಮಾತ್ರ ಇಷ್ಟು ನಿಶ್ಚಿಂತೆಯಿಂದ ಹೀಗೆ ಮಾಡಬಲ್ಲದು. ವಿಸ್ಕಾನ್ಸಿನ್‌ನ ನಕ್ಷೆ 2024ರಲ್ಲಿ, ರಾಜ್ಯದ ಸುಪ್ರೀಂ ಕೋರ್ಟಿನ ಆದೇಶದ ನಂತರ ಬದಲಾಯಿತು. ನಾರ್ತ್ ಕ್ಯಾರೊಲಿನಾದಲ್ಲಿ ಕಥೆ ತಿರುವು ಮುರುವು: ಹೊಸ ಜನಗಣತಿಯಿಂದ ಸ್ಥಾನಗಳು 14ಕ್ಕೇರಿದ್ದವು, 2022ರಲ್ಲಿ ನ್ಯಾಯಾಲಯದ ನಕ್ಷೆಯಡಿ 7ಕ್ಕೆ 7 ಬಂತು, ನ್ಯಾಯಮೂರ್ತಿಗಳ ಚುನಾವಣೆಯಲ್ಲಿ ಪೀಠದ ಬಹುಮತ ರಿಪಬ್ಲಿಕನ್ನರದಾಯಿತು, ಹೊಸ ಪೀಠ ಹಳೆಯ ತೀರ್ಪನ್ನು 2023ರಲ್ಲಿ ಹಿಂತೆಗೆದುಕೊಂಡಿತು, 2024ರಲ್ಲಿ 10ಕ್ಕೆ 4.

ಗೆರೆ ಎಳೆಯುವ ಕೆಲಸವನ್ನು ಶಾಸಕರ ಕೈಯಿಂದ ಕಿತ್ತುಕೊಳ್ಳುವುದು ಎಲ್ಲರಿಗೂ ಹೊಳೆಯುವ ಪರಿಹಾರ. ಕ್ಯಾಲಿಫೋರ್ನಿಯಾ 2008ರಲ್ಲಿ ಜನಮತದ ಮೂಲಕ ನಾಗರಿಕರ ಆಯೋಗವನ್ನು ರಚಿಸಿಕೊಂಡಿತು, ಮಿಶಿಗನ್ 2018ರಲ್ಲಿ. ಮಿಶಿಗನ್ ಆಯೋಗದ ಕಥೆಗೆ ನಮ್ಮ ಕಡೆಯ ಎಳೆಯೊಂದಿದೆ. ಹಳೆಯ ನಕ್ಷೆ ಡೆಟ್ರಾಯಿಟ್‌ನ ಕಪ್ಪು ಮತದಾರರನ್ನು ಎರಡು ಕ್ಷೇತ್ರಗಳಲ್ಲಿ ಒತ್ತಿ ತುಂಬಿತ್ತು. ಆಯೋಗ ಅದನ್ನು ಬಿಡಿಸಿ, ನಗರದ ಕ್ಷೇತ್ರಗಳನ್ನು ಉಪನಗರಗಳಿಗೆ ಹಬ್ಬಿಸಿತು. 2022ರಲ್ಲಿ ಹೊಸ 13ನೇ ಕ್ಷೇತ್ರದ ಡೆಮಾಕ್ರಟಿಕ್ ಪ್ರಾಥಮಿಕ ಚುನಾವಣೆಗೆ ಹಲವು ಕಪ್ಪುವರ್ಣೀಯ ಅಭ್ಯರ್ಥಿಗಳು ನಿಂತು ಮತ ಹಂಚಿಹೋಯಿತು. ಗೆದ್ದವರು ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್. ಬೆಳಗಾವಿಗೆ ಅದು ಹೆಮ್ಮೆಯ ಸುದ್ದಿ. ಡೆಟ್ರಾಯಿಟ್‌ಗೆ ಅದೇ ಸುದ್ದಿಯ ಇನ್ನೊಂದು ಮುಖ ಕಂಡಿತು: ಸುಮಾರು ಎಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಆ ನಗರದಿಂದ ಕಪ್ಪುವರ್ಣೀಯ ಸಂಸದರಿಲ್ಲ. ಆಯೋಗ ಎಳೆದ ರಾಜ್ಯ ಶಾಸನಸಭೆಯ 13 ಕ್ಷೇತ್ರಗಳನ್ನು 2023ರ ಡಿಸೆಂಬರಿನಲ್ಲಿ ಫೆಡರಲ್ ನ್ಯಾಯಾಲಯ ಬಣ್ಣದ ಆಧಾರದ ವಿಂಗಡಣೆಯೆಂದು ರದ್ದು ಮಾಡಿತು. ಯಾರನ್ನೂ ನೋಯಿಸದ ಗೆರೆ ಎಂಬುದಿಲ್ಲ. ಆದರೂ ಬಾಗಿಲು ತೆರೆದು ಕುಳಿತು ತಪ್ಪು ಮಾಡಿದ ಆಯೋಗಕ್ಕೂ ಬಾಗಿಲು ಮುಚ್ಚಿಕೊಂಡು ಲೆಕ್ಕ ಹಾಕಿದ ಹಾಫೆಲರ್‌ಗೂ ವ್ಯತ್ಯಾಸವಿದೆ ಎಂದೇ ನಾನು ಹೇಳುತ್ತೇನೆ.

ಭಾರತದಲ್ಲಿ ಲೋಕಸಭೆ, ವಿಧಾನಸಭೆಗಳ ಗೆರೆ ಎಳೆಯುವುದು ಪುನರ್ವಿಂಗಡಣಾ ಆಯೋಗ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರು ಅಥವಾ ನಿವೃತ್ತರು ಅಧ್ಯಕ್ಷರು. ಸಂಸದರು, ಶಾಸಕರು ಜೊತೆಗೆ ಕುಳಿತು ಸಲಹೆ ಕೊಡಬಹುದು, ಮತ ಹಾಕುವಂತಿಲ್ಲ. 2008ರಲ್ಲಿ ಕನಕಪುರ ಲೋಕಸಭಾ ಕ್ಷೇತ್ರ ಮಾಯವಾಗಿ ಬೆಂಗಳೂರು ಗ್ರಾಮಾಂತರ ಬಂದದ್ದು, ಉಡುಪಿ ಮತ್ತು ಚಿಕ್ಕಮಗಳೂರು ಒಂದೇ ಕ್ಷೇತ್ರವಾದದ್ದು ಇಂಥ ಆಯೋಗದ ಕೈಯಲ್ಲಿ. ದಕ್ಷಿಣದ ರಾಜ್ಯಗಳು ಈಗ ಕಳವಳ ಪಡುತ್ತಿರುವುದು ಯಾವ ರಾಜ್ಯಕ್ಕೆ ಎಷ್ಟು ಸ್ಥಾನ ಎಂಬುದರ ಬಗ್ಗೆ. ಅದು ಬೇರೆ ಪ್ರಶ್ನೆ, ಗೆರಿಯ ಹೆಸರನ್ನು ಅದಕ್ಕೆ ಅಂಟಿಸುವುದು ಸರಿಯಲ್ಲ. ಗೆರಿಯನ್ನು ನೆನೆಯಬೇಕಾದರೆ ಬೆಂಗಳೂರಿನ ವಾರ್ಡ್‌ಗಳನ್ನು ನೋಡಬಹುದು. ಅಲ್ಲಿ ಗೆರೆ ರಾಜ್ಯ ಸರ್ಕಾರದ್ದು. 198 ಇದ್ದದ್ದು ಒಂದು ಪಕ್ಷದ ಸರ್ಕಾರದಲ್ಲಿ 2022ರಲ್ಲಿ 243 ಆಯಿತು, ಇನ್ನೊಂದು ಪಕ್ಷ ಬಂದ ಮೇಲೆ 2023ರಲ್ಲಿ 225 ಆಯಿತು, 2025ರಲ್ಲಿ ಪಾಲಿಕೆಯೇ ಐದಾಯಿತು. ಚುನಾಯಿತ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ.

ಅಮೆರಿಕಕ್ಕೆ ಮರಳಿದರೆ, ಹತ್ತು ವರ್ಷಕ್ಕೊಮ್ಮೆ ಎಂಬ ಕೊನೆಯ ಕಟ್ಟುಪಾಡೂ 2025ರಲ್ಲಿ ಸಡಿಲವಾಯಿತು. ಟೆಕ್ಸಾಸ್‌ನಲ್ಲಿ ಇನ್ನೈದು ಸ್ಥಾನ ಸಿಗುವಂತೆ ನಕ್ಷೆ ಬದಲಿಸಿ ಎಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಬಹಿರಂಗವಾಗಿಯೇ ಕೇಳಿದರು. ಲೂಯಿಸ್ ಸಮಿತಿಯ ಕೋಣೆಯಲ್ಲಿ ಹೇಳಿದ್ದನ್ನು ದೇಶದ ಅಧ್ಯಕ್ಷರು ಈಗ ಟಿವಿ ಕ್ಯಾಮೆರಾಗಳ ಮುಂದೆ ಹೇಳಿದರು. ಅಲ್ಲಿನ ಡೆಮಾಕ್ರಟಿಕ್ ಶಾಸಕರು ಕೋರಂ ಮುರಿಯಲು ರಾಜ್ಯ ಬಿಟ್ಟು ಇಲಿನಾಯ್‌ಗೆ ಹೋದರು. ಆಶ್ರಯಕ್ಕೆ ಆರಿಸಿಕೊಂಡ ರಾಜ್ಯದ ನಕ್ಷೆಯನ್ನು ನೆನೆದರೆ ನಗು ಬರುತ್ತದೆ. ಆಗಸ್ಟಿನಲ್ಲಿ ನಕ್ಷೆ ಅಂಗೀಕಾರವಾಯಿತು. ಪ್ರತಿಯಾಗಿ ಕ್ಯಾಲಿಫೋರ್ನಿಯಾ ತನ್ನ ಆಯೋಗದ ನಕ್ಷೆಯನ್ನು 2030ರವರೆಗೆ ಬದಿಗಿಟ್ಟು, ಡೆಮಾಕ್ರಟರಿಗೆ ಐದು ಸ್ಥಾನ ಹೆಚ್ಚಿಸುವ ನಕ್ಷೆಯನ್ನು ನವೆಂಬರಿನಲ್ಲಿ ಜನಮತಕ್ಕೆ ಹಾಕಿತು. ದೊಡ್ಡ ಅಂತರದಿಂದ ಗೆದ್ದಿತು. ಹಿಂದೆ ಆಯೋಗ ಬೇಕೆಂದವರೂ ಆ ಮತದಾರರೇ. ಅವರನ್ನು ದೂರುವುದು ಸುಲಭವಲ್ಲ, ಎದುರಿನವನು ನಿಯಮ ಬಿಟ್ಟ ಮೇಲೆ ತಾನೊಬ್ಬನೇ ಹಿಡಿದುಕೊಂಡವನು ಸೋಲುತ್ತಾನೆ. ಮಿಸ್ಸೌರಿ, ನಾರ್ತ್ ಕ್ಯಾರೊಲಿನಾ ರಿಪಬ್ಲಿಕನ್ನರ ಪರವಾಗಿ ಮತ್ತೆ ಎಳೆದವು. ಟೆಕ್ಸಾಸ್‌ನ ನಕ್ಷೆ ಬಣ್ಣದ ಆಧಾರದ್ದು ಎಂದು ಫೆಡರಲ್ ನ್ಯಾಯಾಲಯ ತಡೆದರೆ, ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ತಡೆಯನ್ನು ಅಮಾನತಿನಲ್ಲಿಟ್ಟಿತು. ರಾಜ್ಯದ ವಾದ ನಿಮಗೆ ಈಗಾಗಲೇ ಗೊತ್ತು: ಬಣ್ಣಕ್ಕಾಗಿ ಅಲ್ಲ, ಪಕ್ಷಕ್ಕಾಗಿ.

ಅದೇ ಡಿಸೆಂಬರಿನಲ್ಲಿ ಇಂಡಿಯಾನಾದ ಸರದಿ ಬಂತು. ಅಲ್ಲಿನ 9 ಸ್ಥಾನಗಳಲ್ಲಿ 7 ಆಗಲೇ ರಿಪಬ್ಲಿಕನ್ನರ ಕೈಯಲ್ಲಿದ್ದವು. ಇಂಡಿಯಾನಾಪೊಲಿಸ್ ನಗರವನ್ನು ಒಡೆದು ಒಂಬತ್ತಕ್ಕೆ ಒಂಬತ್ತೂ ತಮ್ಮದಾಗುವ ನಕ್ಷೆ ಸಿದ್ಧವಾಗಿತ್ತು. ರಾಜ್ಯ ಸೆನೆಟ್‌ನ 50 ಸದಸ್ಯರಲ್ಲಿ 40 ಮಂದಿ ರಿಪಬ್ಲಿಕನ್ನರು. ಉಪಾಧ್ಯಕ್ಷ ಜೆ.ಡಿ. ವಾನ್ಸ್ ಖುದ್ದಾಗಿ ಬಂದು ಹೋಗಿದ್ದರು. ವಿರೋಧಿಸಿದವರನ್ನು ಮುಂದಿನ ಪ್ರಾಥಮಿಕ ಚುನಾವಣೆಯಲ್ಲಿ ಸೋಲಿಸುವುದಾಗಿ ಟ್ರಂಪ್ ಎಚ್ಚರಿಸಿದ್ದರು. ಹಲವು ಸದಸ್ಯರ ಮನೆಗಳಿಗೆ ಬೆದರಿಕೆ ಬಂದಿತ್ತು. 2025ರ ಡಿಸೆಂಬರ್ 11ರಂದು ಮತಕ್ಕೆ ಹಾಕಿದಾಗ 21 ರಿಪಬ್ಲಿಕನ್ನರು ಹತ್ತು ಡೆಮಾಕ್ರಟರ ಜೊತೆ ಸೇರಿದರು. ಮಸೂದೆ 31–19ರಿಂದ ಬಿದ್ದುಹೋಯಿತು. ಉಳಿದುಕೊಂಡದ್ದು 7ಕ್ಕೆ 2 ಬರುವ ಹಳೆಯ ನಕ್ಷೆ. 2021ರಲ್ಲಿ ಅದನ್ನು ಎಳೆದದ್ದೂ ರಿಪಬ್ಲಿಕನ್ನರೇ.